ಡಿಒ ಎರಡನೇ ವರ್ಷ: ಕಾಮ್‌ಲೆಕ್ಸ್ ಜೊತೆಗೆ ಸ್ಟೆಪ್ 1 ಕೂಡ ಬರೆಯಲೇಬೇಕಾ?

ಹಾಸನದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಒಂದು ಆಸ್ಟಿಯೋಪಥಿಕ್ ಮೆಡಿಕಲ್ ಕಾಲೇಜಿನಲ್ಲಿ ಎರಡನೇ ವರ್ಷದಲ್ಲಿದ್ದೇನೆ. ಏಳನೇ ಕ್ಲಾಸಿನವರೆಗೆ ಹಾಸನದಲ್ಲಿ ಓದಿದ್ದು, ಆಮೇಲೆ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದೆ. ಇದೇ ಪ್ರಶ್ನೆಗೆ ಇಂಗ್ಲಿಷಿನಲ್ಲಿ ರಾಶಿ ಉತ್ತರ ಓದಿದ್ದೇನೆ, ಓದಿದಷ್ಟೂ ಭಯ ಜಾಸ್ತಿ ಆಗುತ್ತಿದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಊರಿಗೆ ಹೋದಾಗ ದೊಡ್ಡಮ್ಮ "ಪುತ್ತೂರು ಕಟ್ಟು ಹಾಕ್ತಾರಲ್ಲ, ಆ ಥರಾನಾ?" ಅಂತ ಕೇಳಿದ್ದರು. ಆ ಥರ ಅಲ್ಲ. ಅಮೆರಿಕದಲ್ಲಿ ಡಿಒ, ಅಂದರೆ ಆಸ್ಟಿಯೋಪಥಿಕ್ ಕಾಲೇಜಿನಲ್ಲಿ ಓದಿದವರು, ಪೂರ್ತಿ ಡಾಕ್ಟರ್. ಔಷಧ ಬರೆಯಬಹುದು, ಆಪರೇಷನ್ ಮಾಡಬಹುದು, 50 ರಾಜ್ಯಗಳಲ್ಲೂ ಲೈಸೆನ್ಸ್ ಸಿಗುತ್ತದೆ. ಎಂಡಿಯವರು (ಇಲ್ಲಿ ಎಂಡಿ ಅಂದರೆ ನಮ್ಮೂರಿನ ಎಂಬಿಬಿಎಸ್ ಥರದ ಮೊದಲ ಡಿಗ್ರಿ) ಓದುವುದನ್ನೆಲ್ಲಾ ನಾವೂ ಓದುತ್ತೇವೆ, ಅದರ ಮೇಲೆ ಕೈಯಿಂದಲೇ ಮೈ ಪರೀಕ್ಷೆ ಮಾಡಿ ಚಿಕಿತ್ಸೆ ಕೊಡುವ ಓಎಂಎಂ ಇರುತ್ತದೆ. ನಮ್ಮ ಲೈಸೆನ್ಸ್ ಪರೀಕ್ಷೆ ಕಾಮ್‌ಲೆಕ್ಸ್, ಅದರ ಹಂತಗಳಿಗೆ ಲೆವೆಲ್ 1, ಲೆವೆಲ್ 2 ಅನ್ನುತ್ತಾರೆ. ಎಂಡಿಯವರದು ಯುಎಸ್‌ಎಂಎಲ್‌ಇ, ಅದರ ಹಂತಗಳಿಗೆ ಸ್ಟೆಪ್ 1, ಸ್ಟೆಪ್ 2 ಅನ್ನುತ್ತಾರೆ. ನಾವು ಕಾಮ್‌ಲೆಕ್ಸ್ ಬರೆಯಲೇಬೇಕು, ಇನ್ನೊಂದನ್ನು ಬೇಕಾದರೆ ಬರೆಯಬಹುದು. ತೊಂದರೆ ಇರುವುದು ಆ "ಬೇಕಾದರೆ"ಯಲ್ಲೇ.

ಕಾಮ್‌ಲೆಕ್ಸ್ ಲೆವೆಲ್ 1ಕ್ಕೆ ಇನ್ನು ಒಂಬತ್ತು ವಾರ ಇದೆ. ಅದಾಗಿ ಎರಡು ವಾರಕ್ಕೆ ಸ್ಟೆಪ್ 1 ಬರೆಯೋಣ ಅಂದುಕೊಂಡಿದ್ದೆ. ಮೊನ್ನೆ ಕಾಮ್‌ಸೇ (ಕಾಮ್‌ಲೆಕ್ಸ್‌ನ ಅಭ್ಯಾಸ ಪರೀಕ್ಷೆ) ಬರೆದೆ, 412 ಬಂತು. ನಮ್ಮ ಕಾಲೇಜಿನಲ್ಲಿ 450 ಬರದೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಯುವರ್ಲ್ಡ್ ಅನ್ನುವ ಅಭ್ಯಾಸದ ಪ್ರಶ್ನೆಗಳು ಅರ್ಧ ಕೂಡ ಮುಗಿದಿಲ್ಲ, ಸರಾಸರಿ ನೂರಕ್ಕೆ 54 ಬರುತ್ತಿದೆ. ಓಎಂಎಂ ನೋಟ್ಸನ್ನು ಮೊದಲ ವರ್ಷ ಮುಗಿದ ಮೇಲೆ ಸರಿಯಾಗಿ ತೆರೆದೇ ಇಲ್ಲ. ನನ್ನ ಗೆಳತಿಯರೆಲ್ಲಾ ಎರಡೂ ಬರೆಯುತ್ತಿದ್ದಾರೆ. ಕಾಲೇಜಿನಲ್ಲಿ ಕೇಳಿದರೆ "ನೀನೇ ಯೋಚನೆ ಮಾಡು" ಅಂತ ಬಿಟ್ಟರು. ಒಂದೊಂದು ಪರೀಕ್ಷೆಗೂ ನೂರಾರು ಡಾಲರ್ ಫೀಸು, ಅದೂ ಸಾಲದ ದುಡ್ಡಿನಲ್ಲೇ ಹೋಗಬೇಕು. ಮುಂದೆ ಇಂಟರ್ನಲ್ ಮೆಡಿಸಿನ್ ಮಾಡುವ ಆಸೆ, ಆಮೇಲೆ ಆದರೆ ಕಾರ್ಡಿಯಾಲಜಿ. ರಾತ್ರಿ ನಿದ್ದೆ ಬರುತ್ತಿಲ್ಲ. ಸ್ಟೆಪ್ 1 ಬಿಟ್ಟರೆ ಬಾಗಿಲು ಮುಚ್ಚಿಹೋಗುತ್ತದಾ? ದಯವಿಟ್ಟು ನೇರವಾಗಿ ಹೇಳಿ.

ತುಂಗಾತೀರ:

ನಾನು ಡಿಒ, ಇಂಟರ್ನಲ್ ಮೆಡಿಸಿನ್‌ನಲ್ಲಿ ಎರಡನೇ ವರ್ಷದ ರೆಸಿಡೆಂಟ್, ಅಂದರೆ ಡಿಗ್ರಿ ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದೇನೆ. ನೇರವಾಗಿ ಹೇಳು ಅಂದಿರಿ, ಹೇಳುತ್ತೇನೆ. 412 ಇರುವಾಗ ಸ್ಟೆಪ್ 1 ಬಗ್ಗೆ ಯೋಚನೆಯೇ ಬೇಡ. ಈಗ ನಿಮಗಿರುವುದು ಒಂದೇ ಕೆಲಸ, ಲೆವೆಲ್ 1 ಪಾಸಾಗುವುದು.

ಯಾಕೆ ಅಂದರೆ, ಎರಡೂ ಪರೀಕ್ಷೆಗೆ ಈಗ ಅಂಕವೇ ಇಲ್ಲ. ಸ್ಟೆಪ್ 1 2022ರ ಜನವರಿಯಿಂದ, ಲೆವೆಲ್ 1 ಅದೇ ವರ್ಷ ಮೇಯಿಂದ ಬರೀ ಪಾಸು-ಫೇಲು. ಮೊದಲು 240, 250 ತೆಗೆದು ತೋರಿಸಬಹುದಿತ್ತು, ಆ ಲಾಭ ಈಗ ಇಲ್ಲ. ಸ್ಟೆಪ್ 1 ಪಾಸಾದರೆ ಸಿಗುವುದು ಒಂದು "ಪಾಸು". ಫೇಲಾದರೆ ಅದು ಯುಎಸ್‌ಎಂಎಲ್‌ಇ ಟ್ರಾನ್ಸ್‌ಕ್ರಿಪ್ಟಿನಲ್ಲಿ ಹಾಗೇ ಉಳಿಯುತ್ತದೆ. ಮುಂದೆ ಸ್ಟೆಪ್ 2 ಚೆನ್ನಾಗಿ ಬರೆದರೂ, ಅದನ್ನು ಮಾತ್ರ ಕಳಿಸಿ ಇದನ್ನು ಮುಚ್ಚಿಡಲು ಆಗುವುದಿಲ್ಲ, ಇಡೀ ಚರಿತ್ರೆ ಒಟ್ಟಿಗೆ ಹೋಗುತ್ತದೆ.

ಲೆವೆಲ್ 1 ಫೇಲಾದರೆ ಇನ್ನೂ ಕಷ್ಟ. ಬಹಳ ಕಾಲೇಜುಗಳಲ್ಲಿ ಮೂರನೇ ವರ್ಷದ ರೊಟೇಷನ್ (ಆಸ್ಪತ್ರೆಯ ವಿಭಾಗಗಳಲ್ಲಿ ಕಲಿಯುವುದು) ನಿಲ್ಲಿಸುತ್ತಾರೆ. ನನ್ನ ಬ್ಯಾಚಿನಲ್ಲಿ ಒಬ್ಬ ಗೆಳೆಯನಿಗೆ ಹೀಗೇ ಆಯಿತು. ಎರಡೂ ಪರೀಕ್ಷೆ ಹತ್ತು ದಿನದ ಅಂತರದಲ್ಲಿ ಇಟ್ಟುಕೊಂಡ, ಸ್ಟೆಪ್ 1 ಪಾಸಾದ, ಲೆವೆಲ್ 1 ಹೋಯಿತು. ಬುದ್ಧಿವಂತ ಹುಡುಗ, ಓಎಂಎಂಗೆ ಕೊನೆಯ ಮೂರು ದಿನ ಸಾಕು ಅಂದುಕೊಂಡಿದ್ದ. ಆಮೇಲೆ ಪಾಸಾದ, ಈಗ ಚೆನ್ನಾಗಿದ್ದಾನೆ, ಆದರೆ ಆ ಬೇಸಿಗೆ ಅವನ ಮುಖ ನೋಡಲು ಆಗುತ್ತಿರಲಿಲ್ಲ.

ಓಎಂಎಂ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅದನ್ನು ಕೊನೆಗೆ ಇಡಬೇಡಿ, ಇವತ್ತಿನಿಂದಲೇ ದಿನಕ್ಕೆ ಅರ್ಧ ಗಂಟೆ ಕೊಡಿ. ಇಡೀ ಪರೀಕ್ಷೆಯಲ್ಲಿ ಓದಿದಷ್ಟು ಗ್ಯಾರಂಟಿಯಾಗಿ ಅಂಕ ವಾಪಸ್ ಬರುವ ಜಾಗ ಅದೊಂದೇ. ಮೊದಲು ಫ್ರೈಯೆಟ್ ನಿಯಮ. ಬೆನ್ನು ನೇರ ಇದ್ದಾಗ ಮಣಿಗಳ ಗುಂಪು ಒಂದು ಕಡೆ ಬಾಗಿ ಇನ್ನೊಂದು ಕಡೆ ತಿರುಗುತ್ತದೆ, ಅದು ಟೈಪ್ 1. ಮುಂದಕ್ಕೋ ಹಿಂದಕ್ಕೋ ಬಾಗಿದ್ದಾಗ ಒಂದೇ ಮಣಿ ಬಾಗಿದ ಕಡೆಗೇ ತಿರುಗುತ್ತದೆ, ಅದು ಟೈಪ್ 2. ಇದು ಬಾಯಿಪಾಠ ಆದರೆ ಸಾಲದು, ನಿದ್ದೆಯಲ್ಲಿ ಕೇಳಿದರೂ ಬರಬೇಕು. ಆಮೇಲೆ ಯಾವ ಅಂಗಕ್ಕೆ ಬೆನ್ನಿನ ಯಾವ ಮಟ್ಟ ಅನ್ನುವುದು (ಟಿ ಅಂದರೆ ಎದೆಯ ಹಿಂದಿನ ಮಣಿಗಳು, ಎಲ್ ಅಂದರೆ ಸೊಂಟದ ಮಣಿಗಳು). ಹೃದಯ ಟಿ1ರಿಂದ ಟಿ5, ಹೊಟ್ಟೆಯ ಮೇಲುಭಾಗ ಟಿ5ರಿಂದ ಟಿ9, ಹೀಗೆ ಕೆಳಗೆ ಹೋಗುತ್ತದೆ. ಚಾಪ್‌ಮನ್ ಪಾಯಿಂಟುಗಳಲ್ಲಿ (ಒಂದೊಂದು ಒಳ ಅಂಗಕ್ಕೆ ಅಂತ ಗುರುತಿಸಿದ ಮೈಮೇಲಿನ ಜಾಗಗಳು) ಅಪೆಂಡಿಕ್ಸ್ ಬಲಗಡೆಯ 12ನೇ ಪಕ್ಕೆಲುಬಿನ ತುದಿ, ಇದನ್ನಂತೂ ಬಿಡಬೇಡಿ.

ನಾನು ಇದನ್ನೆಲ್ಲಾ ಕಲಿತದ್ದು ನಮ್ಮಮ್ಮನ ಬೆನ್ನಿನ ಮೇಲೆ. ಅಮ್ಮ ಟಿವಿ ನೋಡುತ್ತಾ ಕೂತಿರುತ್ತಿದ್ದರು, ನಾನು ಹಿಂದೆ ಕೂತು ಸ್ಕ್ಯಾಪುಲಾದ (ಭುಜದ ಹಿಂದಿನ ಚಪ್ಪಟೆ ಮೂಳೆ) ಕೆಳತುದಿ ಹಿಡಿದು ಟಿ7, ಸೊಂಟದ ಮೂಳೆಯ ಅಂಚು ಹಿಡಿದು ಎಲ್4, ಅಲ್ಲಿಂದ ಎಣಿಸಿಕೊಂಡು ಒಂದೊಂದು ಅಂಗದ ಹೆಸರು ಜೋರಾಗಿ ಹೇಳುತ್ತಿದ್ದೆ. ಎರಡು ವಾರಕ್ಕೆ ಅಮ್ಮನಿಗೇ ಬಾಯಿಗೆ ಬಂದುಬಿಟ್ಟಿತು. ಪರೀಕ್ಷೆಯಲ್ಲಿ ಗಾಲ್‌ಬ್ಲಾಡರ್ ಪ್ರಶ್ನೆ ಬಂದಾಗ ನನಗೆ ನೆನಪಾದದ್ದು ಪುಟ ಅಲ್ಲ, ಅಮ್ಮನ ಬೆನ್ನಿನ ಆ ಜಾಗ.

ಕೊನೇ ವರ್ಷ ಡಿಒ:

ತುಂಗಾತೀರ ಅವರು ಹೇಳಿದ್ದರಲ್ಲಿ ಓಎಂಎಂ ವಿಷಯ ನೂರಕ್ಕೆ ನೂರು ಸರಿ. ಸ್ಟೆಪ್ 1 ಬಗ್ಗೆ ಮಾತ್ರ ಅಷ್ಟು ಗಟ್ಟಿಯಾಗಿ ಬೇಡ ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

2020ರವರೆಗೆ ಡಿಒಗಳಿಗೆ ಬೇರೆ ರೆಸಿಡೆನ್ಸಿಗಳೂ ಇದ್ದವು. ಆ ವರ್ಷ ಎಲ್ಲವೂ ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡುವ ಎಸಿಜಿಎಂಇ ಅನ್ನುವ ಸಂಸ್ಥೆಯ ಅಡಿ ಒಂದಾದವು, ಈಗ ಎಂಡಿ, ಡಿಒ ಎಲ್ಲರೂ ಒಂದೇ ಸಾಲಿನಲ್ಲಿ. ಆಯ್ಕೆ ಮಾಡುವ ಎಷ್ಟೋ ಜನ ಎಂಡಿಗಳು, ಕಾಮ್‌ಲೆಕ್ಸ್‌ನಲ್ಲಿ 560 ಅಂದರೆ ಒಳ್ಳೆಯದೋ ಸುಮಾರೋ ಅಂತ ಅವರಿಗೆ ತಕ್ಷಣ ತಲೆಗೆ ಹತ್ತುವುದಿಲ್ಲ. ಆರ್ಥೋ, ಡರ್ಮಟಾಲಜಿ, ಇಎನ್‌ಟಿ ಥರದ್ದು ಬೇಕಿದ್ದರೆ ಯುಎಸ್‌ಎಂಎಲ್‌ಇ ಇಲ್ಲದೆ ಹೋಗುವುದು ಕಷ್ಟ. ನಾನು ಅನಸ್ತೇಶಿಯಾಗೆ ಅರ್ಜಿ ಹಾಕಿದವಳು, ಎರಡೂ ಬರೆದೆ, ಪಶ್ಚಾತ್ತಾಪ ಇಲ್ಲ.

ಆದರೆ ನಿಮ್ಮ ಲೆಕ್ಕ ತಲೆಕೆಳಗಾಗಿದೆ. ಬರೆಯುವುದಾದರೆ ಸ್ಟೆಪ್ 1 ಮೊದಲು, ಅದಾಗಿ ಒಂದು ವಾರಕ್ಕೋ ಹತ್ತು ದಿನಕ್ಕೋ ಲೆವೆಲ್ 1. ನಡುವಿನ ದಿನಗಳಲ್ಲಿ ಓಎಂಎಂ ತಿರುವಿ ಹಾಕುವುದು. ಲೆವೆಲ್ 1 ಮುಗಿಸಿ ಸುಸ್ತಾದ ಮೇಲೆ ಎರಡು ವಾರ ಮತ್ತೆ ಬಯೋಕೆಮಿಸ್ಟ್ರಿ ಓದಲು ಯಾರ ಕೈಲೂ ಆಗುವುದಿಲ್ಲ.

ಇನ್ನೊಂದು, ಎರಡೂ ಪರೀಕ್ಷೆಯ ಗುಣ ಬೇರೆ. ಸ್ಟೆಪ್ ಪ್ರಶ್ನೆಗಳು ಉದ್ದ, ಆದರೆ ಬೇಕಾದ ಸುಳಿವೆಲ್ಲಾ ಒಳಗೆ ಇರುತ್ತದೆ. ಕಾಮ್‌ಲೆಕ್ಸ್ ಪ್ರಶ್ನೆ ಚಿಕ್ಕದು, ಕೆಲವೊಮ್ಮೆ ಏನು ಕೇಳುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಲೆವೆಲ್ 1ರಲ್ಲಿ 352 ಪ್ರಶ್ನೆ, ಬೆಳಗ್ಗೆ ನಾಲ್ಕು ಗಂಟೆ, ಊಟ ಆದಮೇಲೆ ನಾಲ್ಕು ಗಂಟೆ. ಪ್ರಶ್ನೆಗೆ 82 ಸೆಕೆಂಡ್ ಸಿಗುತ್ತದೆ, ಸ್ಟೆಪ್‌ನಲ್ಲಿ 90. ಎಂಟು ಸೆಕೆಂಡ್ ಏನು ಮಹಾ ಅನ್ನಬೇಡಿ. ಜೊತೆಗೆ ಕಾಮ್‌ಲೆಕ್ಸ್‌ನಲ್ಲಿ ಒಂದೊಂದು ಭಾಗಕ್ಕೆ ಬೇರೆ ಬೇರೆ ಟೈಮ್ ಇಲ್ಲ, ನಾಲ್ಕು ಗಂಟೆ ಒಟ್ಟಿಗೆ ಓಡುತ್ತದೆ. ಮೊದಲ 44 ಪ್ರಶ್ನೆಗೆ ಹತ್ತು ನಿಮಿಷ ಜಾಸ್ತಿ ತಿಂದರೆ ಅದು ನಾಲ್ಕನೇ ಭಾಗದಲ್ಲಿ ಕತ್ತು ಹಿಡಿಯುತ್ತದೆ. ನನಗೆ ಹಾಗೇ ಆಯಿತು, ಕೊನೆಯ ಒಂಬತ್ತು ಪ್ರಶ್ನೆ ಕಣ್ಣುಮುಚ್ಚಿ ಒತ್ತಿದೆ. ಒಂದು ಗಂಟೆಗೆ ಒಂದು ಭಾಗ ಅಂತ ಮನಸ್ಸಿನಲ್ಲಿ ಗೆರೆ ಹಾಕಿಕೊಳ್ಳಿ.

ಹಾಸನದ ಹುಡುಗಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಮ್ಮನ ಬೆನ್ನಿನ ಮಾತು ಓದಿ ಕಣ್ಣು ತುಂಬಿತು, ನಮ್ಮಮ್ಮನೂ ದಿನಾ "ನಾನೇನಾದರೂ ಮಾಡಬಹುದಾ" ಅಂತ ಕೇಳುತ್ತಿರುತ್ತಾರೆ. ಇನ್ನೂ ಒಂದು ಪ್ರಶ್ನೆ. ಸ್ಟೆಪ್ 1 ಬಿಟ್ಟು, ಮುಂದಿನ ವರ್ಷ ಸ್ಟೆಪ್ 2 ಮಾತ್ರ ಬರೆಯಬಹುದಾ? ಅಥವಾ ಒಂದನ್ನು ಬಿಟ್ಟರೆ ಎರಡೂ ಬಿಟ್ಟ ಹಾಗೆಯೇ?

ಚಾಮುಂಡಿಬೆಟ್ಟ:

ಬರೆಯಬಹುದು ತಂಗಿ. ಸ್ಟೆಪ್ 2 ಬರೆಯಲು ಸ್ಟೆಪ್ 1 ಮೊದಲು ಆಗಿರಲೇಬೇಕು ಅನ್ನುವ ನಿಯಮ ಇಲ್ಲ. ಎಷ್ಟೋ ಡಿಒ ಹುಡುಗರು ಈಗ ಹೀಗೇ ಮಾಡುತ್ತಿದ್ದಾರೆ. ಸ್ಟೆಪ್ 2ಕ್ಕೆ ಇನ್ನೂ ಅಂಕ ಇದೆ, ನಿಮ್ಮ ಲೆವೆಲ್ 2ಕ್ಕೂ ಇದೆ, ಅಲ್ಲಿ ಒಳ್ಳೆಯ ಅಂಕ ಬಂದರೆ ನೋಡುವವರಿಗೆ ಅರ್ಥ ಆಗುತ್ತದೆ. ನಿಮಗೆ ಬೇಕಿರುವುದು ಇಂಟರ್ನಲ್ ಮೆಡಿಸಿನ್ ತಾನೇ? ಅಲ್ಲಿ ಡಿಒಗಳು ತುಂಬಾ ಜನ ಇದ್ದಾರೆ. ಮನಸ್ಸಿನಲ್ಲಿರುವ ಪ್ರೋಗ್ರಾಮುಗಳ ವೆಬ್‌ಸೈಟು ನೋಡಿ, ಕಾಮ್‌ಲೆಕ್ಸ್ ಮಾತ್ರ ಸಾಕಾ ಅಂತ ಬಹಳ ಕಡೆ ಬರೆದಿರುತ್ತಾರೆ. ಈಗಿನ ರೆಸಿಡೆಂಟ್‌ಗಳ ಪಟ್ಟಿಯಲ್ಲಿ ಎಷ್ಟು ಜನ ಡಿಒ ಇದ್ದಾರೆ ಅಂತ ಎಣಿಸಿ. ಯಾರದೋ ಮಾತಿಗಿಂತ ಆ ಪಟ್ಟಿ ನಂಬಿ.

ನಾನು ಮೈಸೂರಿನಲ್ಲಿ ಎಂಬಿಬಿಎಸ್ ಮಾಡಿ ಇಲ್ಲಿಗೆ ಬಂದವಳು, ಈಗ ಆಸ್ಪತ್ರೆಯೊಂದರಲ್ಲಿ ಕೆಲಸ. ನಮ್ಮಂಥ ಹೊರದೇಶದವರಿಗೆ ಯುಎಸ್‌ಎಂಎಲ್‌ಇ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಸ್ಟೆಪ್ 1ಕ್ಕೆ ಅಂಕ ಇದ್ದ ಕಾಲದಲ್ಲಿ ಒಂದೊಂದು ಅಂಕಕ್ಕೂ ಜೀವ ಬಿಡುತ್ತಿದ್ದೆವು. ನಿಮ್ಮ ಗೆಳತಿಯರ ತಲೆಯಲ್ಲಿ ಆ ಕಾಲದ ಭಯವೇ ಇನ್ನೂ ಕೂತಿದೆ ಅನ್ನಿಸುತ್ತದೆ. ಆ ಕಾಲ ಹೋಯಿತು.

ಓದುವ ಬಗ್ಗೆ ಒಂದೇ ಮಾತು. 54 ಅನ್ನುವ ಸರಾಸರಿ ನೋಡುತ್ತಾ ಕೂರಬೇಡಿ, ತಪ್ಪಾದ ಪ್ರಶ್ನೆ ಯಾಕೆ ತಪ್ಪಾಯಿತು ಅಂತ ಒಂದು ಸಾಲು ಬರೆದಿಡಿ. ಗೊತ್ತೇ ಇರಲಿಲ್ಲವಾ, ಗೊತ್ತಿದ್ದೂ ಪ್ರಶ್ನೆ ಸರಿಯಾಗಿ ಓದಲಿಲ್ಲವಾ, ಎರಡರಲ್ಲಿ ಒಂದನ್ನು ಆರಿಸಲು ಆಗದೆ ಹೋಯಿತಾ. ನನ್ನ ತಪ್ಪುಗಳಲ್ಲಿ ಅರ್ಧದಷ್ಟು ಎರಡನೇ ಥರದ್ದು ಅಂತ ಗೊತ್ತಾದಾಗ ಹೊಸದಾಗಿ ಓದುವುದನ್ನೇ ನಿಲ್ಲಿಸಿ ಪ್ರಶ್ನೆ ಓದುವುದನ್ನು ಕಲಿತೆ. ಆಂಕಿ ಕಾರ್ಡು (ನೆನಪಿಟ್ಟುಕೊಳ್ಳಲು ಆ್ಯಪ್‌ನಲ್ಲಿ ಓದುವ ಕಾರ್ಡುಗಳು) ದಿನಕ್ಕೆ ಎಷ್ಟು ಆಗುತ್ತದೋ ಅಷ್ಟು ಮಾತ್ರ, ರಾಶಿ ಬಿದ್ದರೆ ಹಳೆಯದನ್ನು ಬಿಟ್ಟುಬಿಡಿ.

ಮತ್ತೆ, ಓಎಂಎಂ ಅನ್ನು ಪರೀಕ್ಷೆಗೆ ಮಾತ್ರ ಅಂತ ಓದಬೇಡಿ. ಹೋದ ಚಳಿಗಾಲ ನನಗೆ ಕತ್ತು ಹಿಡಿದುಕೊಂಡು ಎರಡು ದಿನ ತಿರುಗಿಸಲು ಆಗುತ್ತಿರಲಿಲ್ಲ. ನಮ್ಮ ವಾರ್ಡಿನ ಡಿಒ ಹುಡುಗಿ ಡ್ಯೂಟಿ ಮುಗಿಸಿ ಹತ್ತು ನಿಮಿಷ ಕೂತು, ಮಸಲ್ ಎನರ್ಜಿ ಅಂತ ಏನೋ ಮಾಡಿ, ಅವತ್ತು ಕಾರು ಓಡಿಸಿಕೊಂಡು ಮನೆಗೆ ಹೋಗುವ ಹಾಗೆ ಮಾಡಿದಳು. ನಮ್ಮ ಎಂಬಿಬಿಎಸ್‌ನಲ್ಲಿ ಇದನ್ನು ಕಲಿಸಿದ್ದರೆ ಅಂತ ಅವತ್ತು ನಿಜವಾಗಿಯೂ ಅನ್ನಿಸಿತು.

ಹಾಸನದ ಹುಡುಗಿ:

ಅಕ್ಕ, ನಿಮಗೂ ಥ್ಯಾಂಕ್ಸ್. ಸ್ಟೆಪ್ 1 ಕೈಬಿಟ್ಟೆ, ಅಪ್ಪನಿಗೂ ಹೇಳಿದೆ. ಸ್ಟೆಪ್ 2 ಮುಂದಿನ ವರ್ಷ ಬರೆಯುತ್ತೇನೆ. ಲೆವೆಲ್ 1 ತಾರೀಖು ಹತ್ತು ದಿನ ಮುಂದಕ್ಕೆ ಹಾಕಿದ್ದೇನೆ, ಐದು ವಾರಕ್ಕೆ ಇನ್ನೊಂದು ಕಾಮ್‌ಸೇ. ನಿನ್ನೆ ರಾತ್ರಿ ಅಮ್ಮನನ್ನು ಕೂರಿಸಿಕೊಂಡು ಟಿ1ರಿಂದ ಶುರು ಮಾಡಿದೆ, ಆಮೇಲೆ ಆರು ಗಂಟೆ ನಿದ್ದೆ ಬಂತು.

ತುಂಗಾತೀರ ಅವರೇ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಎಲ್5 ಎಡಕ್ಕೆ ಬಾಗಿ ಬಲಕ್ಕೆ ತಿರುಗಿದ್ದರೆ ಅದರ ಕೆಳಗಿನ ತ್ರಿಕೋನ ಮೂಳೆ, ಸೇಕ್ರಮ್, ಏನಾಗುತ್ತದೆ?

ತುಂಗಾತೀರ:

ಎಲ್5 ಯಾವ ಕಡೆ ಬಾಗುತ್ತದೋ ಆ ಕಡೆಯ ಓರೆ ಅಕ್ಷ, ಅಂದರೆ ಎಡ. ಎಲ್5 ಯಾವ ಕಡೆ ತಿರುಗುತ್ತದೋ ಸೇಕ್ರಮ್ ಅದರ ಎದುರು ಕಡೆಗೆ, ಅಂದರೆ ಅದೂ ಎಡ. ಹಾಗಾಗಿ ಎಡದ ಮೇಲೆ ಎಡ, ಮುಂದಕ್ಕೆ ಟಾರ್ಷನ್ (ತಿರುಚುವುದು). ಕೂತು ಬಗ್ಗಿಸುವ ಟೆಸ್ಟು ಅಕ್ಷದ ಎದುರು ಕಡೆ ಪಾಸಿಟಿವ್ ಬರುತ್ತದೆ, ಇಲ್ಲಿ ಬಲಗಡೆ. ಇವತ್ತು ಅಮ್ಮನ ಮೇಲೆ ಮಾಡಿ ನೋಡಿ, ನಾಳೆ ಎಲ್5 ಬಲಕ್ಕೆ ಬಾಗಿ ಬಲಕ್ಕೇ ತಿರುಗಿದರೆ ಏನು ಅಂತ ನೀವು ನನಗೆ ಬರೆಯಿರಿ.