‘ಬೈಕ್ಯಾಚ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಹಾವೇರಿಯಿಂದ ಬರೆಯುತ್ತಿದ್ದೇನೆ. ಅಮೆರಿಕದ ಕೊಲಂಬಿಯಾ ನದಿಯಲ್ಲಿ ಸಾಲ್ಮನ್ ಹಿಡಿಯುವವರ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರುತ್ತಿದ್ದೇನೆ. ‘ಬೈಕ್ಯಾಚ್’ ಹತ್ತಿರ ಬಂದು ಎರಡು ದಿನದಿಂದ ನಿಂತಿದ್ದೇನೆ.

ಒಂದು ಮೀನಿಗೆ ಬಲೆ ಹಾಕಿದಾಗ ಇನ್ನೊಂದು ಬೀಳುತ್ತದಲ್ಲ, ಅದು. ಮೊದಲು ‘ಬೇಡದ ಮೀನು’ ಅಂತ ಬರೆದೆ. ಹೊಂದಲಿಲ್ಲ. ಅಲ್ಲಿ ಬೀಳುವುದು ಕೊಲಂಬಿಯಾಕ್ಕೆ ಬಂದು ಸೇರುವ ಸ್ನೇಕ್ ನದಿಯ ಸಾಕೈ (ಸಾಲ್ಮನ್‌ನಲ್ಲೇ ಒಂದು ಜಾತಿ) ಥರದ ಮೀನು. 1991ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ಬೇಕು ಅಂತಲೇ ಅದನ್ನು ನೀರಿಗೆ ವಾಪಸ್ ಬಿಡೋದು, ಅಲ್ವಾ? ‘ಆಕಸ್ಮಿಕ ಹಿಡಿತ’ವೂ ಸರಿಯಲ್ಲ. ಬೀಳುತ್ತದೆ ಅಂತ ಮೊದಲೇ ಗೊತ್ತಿದ್ದ ಮೇಲೆ ಆಕಸ್ಮಿಕ ಎಲ್ಲಿ ಬಂತು?

ಹೋದ ವಾರ ತುಂಗಭದ್ರೆ ದಂಡೆಯಲ್ಲಿ ಒಬ್ಬ ಅಜ್ಜ ಬಲೆ ಬಿಡಿಸುತ್ತ ಕೂತಿದ್ದರು. ಅಂಗೈಯಗಲದ ಆಮೆಮರಿ ಸಿಕ್ಕಿಕೊಂಡಿತ್ತು. ಅದರ ಕಾಲಿಗೆ ಸುತ್ತಿದ ಎಳೆಯನ್ನು ಹಲ್ಲಿನಿಂದ ಕಡಿದು ನೀರಿಗೆ ಬಿಟ್ಟರು. “ಇಂಥದ್ದಕ್ಕ ಏನಂತೀರಿ ಅಜ್ಜಾ?” ಅಂದೆ. “ಏನಂತಾರ? ಹಿಡದಿದ್ದಲ್ಲೋ ತಮ್ಮಾ, ಸಿಕ್ಕಿದ್ದು.”

ನನಗೆ ಬೇಕಾದ ಪದ ಅಲ್ಲೇ ಇತ್ತು ಅನ್ನಿಸಿತು. ‘ಹಿಡಿ’ ನಾವು ಮಾಡುವ ಕೆಲಸ, ‘ಸಿಕ್ಕು’ ತಾನಾಗಿ ಆಗುವಂಥದ್ದು. ಕೂದಲಿನ ಸಿಕ್ಕೂ ಅದರೊಳಗಿದೆ. ಕಿವಿರುಬಲೆಯಲ್ಲಿ ಆಗೋದೂ ಅದೇ: ಮೀನು ತಲೆ ತೂರಿಸುತ್ತದೆ, ಹಿಂದೆ ಸರಿಯಲು ಹೋದರೆ ಎಳೆ ಕಿವಿರಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ‘ಅಡ್ಡಸಿಕ್ಕು’ ಅಂತ ಇಟ್ಟೆ, ‘ಅಡ್ಡಪರಿಣಾಮ’ ಇದೆಯಲ್ಲ, ಆ ಥರ. ಮನೆಯಾಕೆಗೆ ಓದಿ ಹೇಳಿದರೆ, “ದಾರ್ಯಾಗ ಯಾರರೆ ಅಡ್ಡ ಸಿಕ್ಕಿದ್ರೇನು?” ಅಂದಳು. ಈಗ ‘ಜೊತೆಸಿಕ್ಕು’ ಅಂತ ತಿದ್ದಿದ್ದೇನೆ. ಪೂರ್ತಿ ಸಮಾಧಾನವಿಲ್ಲ. ನೀವೇನಂತೀರಿ?

ಗಾಳದ ತುದಿಯ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡುತ್ತಾರೆ. ಆಗ ಬಾಯಿ ಜಾಸ್ತಿ ಹರಿಯದಂತೆ ಮೀನನ್ನು ಬಿಡಿಸಬಹುದು. ಅದಕ್ಕೆ ‘ಬೋಳುಗಾಳ’ ಅಂದಿದ್ದೇನೆ. ಇದನ್ನು ಮಾತ್ರ ಯಾರು ಬೇಡ ಅಂದರೂ ಬಿಡಲ್ಲ.

ಇನ್ನೊಂದಿದೆ. ಸಾಲ್ಮನ್ ಬೆನ್ನಿನ ಮೇಲೆ, ಬಾಲದ ಹತ್ತಿರ, ಒಂದು ಚಿಕ್ಕ ರೆಕ್ಕೆ ಇರುತ್ತದೆ. ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಮರಿಗಳಿಗೆ ಅದನ್ನು ಕತ್ತರಿಸಿ ನದಿಗೆ ಬಿಡುತ್ತಾರೆ. ಗಾಳಕ್ಕೆ ಸಿಕ್ಕ ಮೀನಿಗೆ ಆ ರೆಕ್ಕೆ ಇದ್ದರೆ ಅದು ನದಿಯಲ್ಲೇ ಹುಟ್ಟಿದ್ದು ಅಂತ ಲೆಕ್ಕ. ಬಹಳ ಕಡೆ ಅದನ್ನು ಬಿಡಲೇಬೇಕು. ಇಂಗ್ಲಿಷ್ ಹೆಸರನ್ನು ಹಾಗೇ ತಂದರೆ ‘ಕೊಬ್ಬುರೆಕ್ಕೆ’ ಆಗುತ್ತದೆ, ಓದಿದವರು ನಗುತ್ತಾರೆ. ನಮ್ಮ ಕಡೆ ಗುರುತಿಗೆ ಅಂತ ಕುರಿಯ ಕಿವಿ ಕತ್ತರಿಸುತ್ತಾರಲ್ಲ, ಹಾಗೆ ಕತ್ತರಿಸಿದ ಗುರುತಿಗೆ ಕುರಿ ಕಾಯುವವರಲ್ಲಿ ಬೇರೆ ಪದ ಇದೆಯಾ? ಗೊತ್ತಿದ್ದವರು ಊರಿನ ಹೆಸರಿನ ಸಮೇತ ತಿಳಿಸಿ.