ಅಜ್ಜಿ ಮನೆಯ ಗೀಸರ್ ಮತ್ತು ಒಂದು ಕನ್ವರ್ಟರ್

(ನಮ್ಮ ಮನೆಮಂದಿಯ ಗ್ರೂಪಿನಲ್ಲಿ ನಡೆದ ಮಾತು. ನಾನು ಕರೆಂಟಿನ ರಿಪೇರಿ ಕೆಲಸದವನು.)

ಚಿಕ್ಕಪ್ಪ: ಎಲ್ಲರೂ ಈ ಲಿಂಕ್ ನೋಡಿ. ದಪ್ಪ ಪಿನ್ನಿನ ಪವರ್ ಪ್ಲಗ್ಗನ್ನು ಮಾಮೂಲಿ ಸಣ್ಣ ಸಾಕೆಟ್ಟಿಗೆ ಹಾಕುವ ಕನ್ವರ್ಟರ್. ಅಮ್ಮನ ಬಚ್ಚಲಿಗೆ ತಂದ ಗೀಸರ್ ಗೋಡೆ ಮೇಲೆ ಸುಮ್ನೆ ಕೂತಿದೆ, ಪ್ಲಗ್ ಹೋಗುವುದಿಲ್ಲ. ಇದೊಂದು ಬಂದರೆ ಕೆಲಸ ಮುಗಿಯಿತು. ಆರ್ಡರ್ ಮಾಡಲಾ?

ದೊಡ್ಡತ್ತೆ: ಮಾಡು ಮಾಡು. ಈ ಚಳಿಯಲ್ಲಿ ಅಮ್ಮ ಹಂಡೆ ಒಲೆ ಮುಂದೆ ಕೂತು ಊದುತ್ತಾಳೆ, ನೋಡುವುದಕ್ಕೆ ಆಗುವುದಿಲ್ಲ.

ನಾನು: ಚಿಕ್ಕಪ್ಪ, ದಯವಿಟ್ಟು ಬೇಡ. ಗೀಸರ್ ಎಷ್ಟು ವ್ಯಾಟಿನದ್ದು?

ಚಿಕ್ಕಪ್ಪ: 3000. ಇನ್‌ಸ್ಟಂಟ್.

ನಾನು: 3000ವನ್ನು 230 ವೋಲ್ಟಿನಿಂದ ಭಾಗಿಸಿ. 13 ಆಂಪಿಯರ್ ಬರುತ್ತದೆ. ಬಚ್ಚಲಿನ ಹೊರಗೆ ಇರುವುದು 6 ಆಂಪಿನ ಸಾಕೆಟ್. ನೀವೇ ಹಾಕಿದ ಫೋಟೊ ದೊಡ್ಡದು ಮಾಡಿ ನೋಡಿ, ಕನ್ವರ್ಟರ್ ತಳದಲ್ಲೂ 6 ಆಂಪ್ ಅಂತಲೇ ಅಚ್ಚಾಗಿದೆ. ಮೇಲೆ 16ರ ಪ್ಲಗ್ ಹಿಡಿಸುವ ತೂತು, ಕೆಳಗೆ 6ರ ಪಿನ್ನು. ಅದು ಕರೆಂಟನ್ನು ಕಡಿಮೆ ಮಾಡುವುದಿಲ್ಲ. 13 ಆಂಪ್ ಪೂರ್ತಿ ಆ ಸಣ್ಣ ಪಿನ್ನುಗಳಲ್ಲೇ ಹರಿಯಬೇಕು.

ಮೈಸೂರು ಭಾವ: ಸುಮ್ನೆ ಹೆದರಿಸಬೇಡಪ್ಪ. ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ಎಷ್ಟೋ ವರ್ಷದಿಂದ ಸಣ್ಣ ಪ್ಲಗ್ಗಿನಲ್ಲೇ ಓಡುತ್ತಿದೆ. ಏನೂ ಆಗಿಲ್ಲ.

ನಾನು: ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್, ಅಂದರೆ 4.3 ಆಂಪ್. ಅದು ಸಣ್ಣ ಪ್ಲಗ್ಗಿನಲ್ಲೇ ಇರಬೇಕಾದದ್ದು. 6 ಆಂಪಿನ ಸಾಕೆಟ್ 1380 ವ್ಯಾಟ್ ತನಕ. ನೀರು ಕಾಯಿಸುವ 1500ರ ರಾಡ್ ಕೂಡ ಆ ಗೆರೆ ದಾಟುತ್ತದೆ. 3000 ಎಲ್ಲಿಯ ಮಾತು?

ಹುಟ್ಟುವ ಬಿಸಿ, ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ ಭಾವ. 6ರ ಜಾಗದಲ್ಲಿ 13 ಹರಿದರೆ ಬಿಸಿ ಎರಡು ಪಟ್ಟು ಅಲ್ಲ, ನಾಲ್ಕೂವರೆ ಪಟ್ಟಿಗಿಂತ ಜಾಸ್ತಿ.

ಚಿಕ್ಕಪ್ಪ: ಹಾಗೇನಾದರೂ ಆದರೆ ಫ್ಯೂಸ್ ಹೋಗುತ್ತದೆ ಅಲ್ವಾ? ಅದಕ್ಕೇ ತಾನೇ ಅದು ಇರುವುದು.

ನಾನು: ಎಲ್ಲರೂ ನಂಬಿಕೊಂಡಿರುವುದು ಇದನ್ನೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಅಜ್ಜಿ ಮನೆಯಲ್ಲಿ ಇರುವುದು ಹಳೇ ಕಿಟ್‌ಕ್ಯಾಟ್ ಫ್ಯೂಸ್. ಅದಕ್ಕೆ ಯಾರು ಯಾವಾಗ ಎಷ್ಟು ದಪ್ಪದ ತಂತಿ ಸುತ್ತಿದ್ದಾರೋ ದೇವರಿಗೇ ಗೊತ್ತು. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, ಹಾಕಿಸಿದರೂ ಅದು ನೋಡುವುದು ಎಷ್ಟು ಕರೆಂಟ್ ಹರಿಯುತ್ತಿದೆ ಅನ್ನುವುದನ್ನು ಮಾತ್ರ. ಸಾಕೆಟ್ಟಿನ ಒಳಗಿನ ಹಿತ್ತಾಳೆ ಹಿಡಿತ ಸಡಿಲವಾಗಿ ಅಲ್ಲಿ 0.1 ಓಮ್ ತಡೆ ಬಂದಿದೆ ಅಂದುಕೊಳ್ಳಿ. 13 ಆಂಪಿಗೆ ಆ ಒಂದು ಚುಕ್ಕೆಯಲ್ಲೇ ಸುಮಾರು 17 ವ್ಯಾಟ್ ಬಿಸಿ ಹುಟ್ಟುತ್ತದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಸಣ್ಣ ಸಾಲ್ಡರಿಂಗ್ ಐರನ್ ಉರಿಸಿಟ್ಟ ಹಾಗೆ. ಹರಿಯುವ ಕರೆಂಟ್ ಮಾತ್ರ ಅದೇ 13. 16ರ ಎಂಸಿಬಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಅದು ಬೀಳುವುದಿಲ್ಲ. ಆರ್‌ಸಿಸಿಬಿಯೂ ಬೀಳುವುದಿಲ್ಲ, ಆ ಸ್ವಿಚ್ ಹುಡುಕುವುದು ಮೈಗೋ ನೆಲಕ್ಕೋ ಸೋರುವ ಕರೆಂಟನ್ನು. ನಾನು ರಿಪೇರಿಗೆ ಹೋದ ಮನೆಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಕರಗಿದ ಸಾಕೆಟ್ಟುಗಳ ಕಥೆ ಹೆಚ್ಚು ಕಡಿಮೆ ಇದೇ. ಕನ್ವರ್ಟರ್ ಹಾಕಿದರೆ ಇಂಥ ಹಿಡಿತದ ಜಾಗ ಒಂದರ ಬದಲು ಎರಡಾಗುತ್ತದೆ. ಮೇಲಿಂದ ಭಾರದ ಪ್ಲಗ್ ಜೋತು ಬಿದ್ದು ಅದನ್ನು ಇನ್ನೂ ಸಡಿಲ ಮಾಡುತ್ತದೆ.

ದೊಡ್ಡತ್ತೆ: ಸಡಿಲ ಆದರೆ ಪಿನ್ನಿನ ಸೀಳಿಗೆ ಸ್ಕ್ರೂಡ್ರೈವರ್ ಹಾಕಿ ಅಗಲ ಮಾಡುತ್ತಿದ್ದರು ನಿನ್ನ ಮಾವ.

ನಾನು: ಹೌದು ಅತ್ತೆ, ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಹಿತ್ತಾಳೆ ಬೇಗ ದಣಿಯುತ್ತದೆ. ಕೆಲವು ದಿನ ಬಿಗಿ ಇರುತ್ತದೆ, ಮತ್ತೆ ಸಡಿಲ.

ಚಿಕ್ಕಪ್ಪ: ನನ್ನ ಪ್ರಶ್ನೆ ಬೇರೆ. ಕಂಪನಿಗಳು ಎರಡು ಸೈಜು ಯಾಕೆ ಮಾಡುತ್ತವೆ? ಎಲ್ಲದಕ್ಕೂ ಒಂದೇ ಮಾಡಬಹುದಲ್ಲ? ಇದು ನಮ್ಮಿಂದ ಎರಡೆರಡು ಸಲ ದುಡ್ಡು ಕೀಳುವ ಉಪಾಯ.

ನಾನು: ಇದು ಕಂಪನಿಯವರು ಕಂಡುಹಿಡಿದದ್ದಲ್ಲ. ದುಂಡು ಪಿನ್ನಿನ ಈ ಪ್ಲಗ್ಗುಗಳು ಬ್ರಿಟಿಷರವು. 1934ರ ಬಿಎಸ್ 546 ಅನ್ನುವ ಅವರ ಮಾನದಂಡದಲ್ಲಿ 2, 5, 15, 30 ಆಂಪ್ ಅಂತ ನಾಲ್ಕು ಅಳತೆ ಇದ್ದವು. ಕರೆಂಟ್ ಜಾಸ್ತಿ ಆದ ಹಾಗೆ ಪಿನ್ ದಪ್ಪ, ನಡುವಿನ ಅಂತರವೂ ಜಾಸ್ತಿ. ನಾವು ಅದರಲ್ಲಿ ಮುಖ್ಯವಾಗಿ 5 ಮತ್ತು 15 ಇಟ್ಟುಕೊಂಡೆವು, 1958ರಲ್ಲಿ ಐಎಸ್ 1293 ಅಂತ ನಮ್ಮದೇ ಮಾನದಂಡ ಬಂತು. ಆಮೇಲೆ ಹೆಸರು 6 ಮತ್ತು 16 ಆಯಿತು. ಅದಕ್ಕೇ ಅಂಗಡಿಯವರು ಇವತ್ತಿಗೂ 15 ಆಂಪ್ ಪ್ಲಗ್ ಅನ್ನುತ್ತಾರೆ. ಹಳೇ ಪ್ಲಗ್ ಹೊಸ ಸಾಕೆಟ್ಟಿಗೆ ಹೋಗುತ್ತದೆ, ಅಲ್ಲಿ ಜಗಳವಿಲ್ಲ.

ಸಣ್ಣದರ ಪಿನ್ ಸುಮಾರು 5 ಮಿಲಿಮೀಟರ್ ದಪ್ಪ, ದೊಡ್ಡದರದ್ದು 7. ಸಣ್ಣದರಲ್ಲಿ ಎರಡು ಪಿನ್ನುಗಳ ನಡುವೆ 19 ಮಿಲಿಮೀಟರ್, ದೊಡ್ಡದರಲ್ಲಿ ಸರಿಯಾಗಿ ಒಂದು ಇಂಚು. ಎಷ್ಟು ಒತ್ತಿದರೂ ದೊಡ್ಡದು ಸಣ್ಣದರಲ್ಲಿ ಕೂರದ ಹಾಗೆ. ಸಾಕೆಟ್ಟಿನ ಹಿಂದೆ ಗೋಡೆಯೊಳಗೆ ಎಷ್ಟು ದಪ್ಪದ ವೈರ್ ಇದೆ ಅಂತ ಅಜ್ಜಿಗೆ ಕಾಣುವುದಿಲ್ಲ, ನಿಮಗೂ ಕಾಣುವುದಿಲ್ಲ. ಪ್ಲಗ್ ಹೋಗಲಿಲ್ಲ ಅಂದರೆ ಆ ವೈರ್ ಸಾಲದು ಅಂತ ಅರ್ಥ. ಕನ್ವರ್ಟರ್ ಆ ಒಂದು ತಡೆಯನ್ನೇ ಕಿತ್ತು ಹಾಕುತ್ತದೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಅಕ್ಕ, ಡಲ್ಲಾಸ್: ಇಲ್ಲೂ ಇದೇ ಗೋಳು. ನಾವು ಹಳೇ ಮನೆ ಕೊಂಡಾಗ ಬಟ್ಟೆ ಒಣಗಿಸುವ ಡ್ರೈಯರ್‌ಗೆ ಮೂರು ತೂತಿನ ಸಾಕೆಟ್ ಇತ್ತು, ನಮ್ಮ ಡ್ರೈಯರ್‌ದು ನಾಲ್ಕು ಪಿನ್. ನನಗೂ ಚಿಕ್ಕಪ್ಪನ ಹಾಗೇ ಅನ್ನಿಸಿತ್ತು.

ನಾನು: ಅಕ್ಕ, ಅಲ್ಲಿ 1996ರಿಂದ ಹೊಸ ವೈರಿಂಗಿಗೆ ನಾಲ್ಕು ತಂತಿ ಕಡ್ಡಾಯ. ಹಳೇ ಮೂರು ಪಿನ್ನಿನದರಲ್ಲಿ ಡ್ರೈಯರ್‌ನ ಮೈಯನ್ನು ನ್ಯೂಟ್ರಲ್‌ಗೇ ಸೇರಿಸಿಬಿಡುತ್ತಿದ್ದರು, ಬೇರೆ ಅರ್ತ್ ಇರಲಿಲ್ಲ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಇಡೀ ಡಬ್ಬಕ್ಕೆ ಕರೆಂಟ್.

ಅಕ್ಕ, ಡಲ್ಲಾಸ್: ಎಲೆಕ್ಟ್ರಿಷಿಯನ್ ಅದನ್ನೇ ಹೇಳಿ ಹೊಸ ಲೈನ್ ಎಳೆದುಕೊಟ್ಟ. ದುಡ್ಡು ಹೋಯಿತು ಅಂತ ಆಗ ಬೇಜಾರಾಗಿತ್ತು. ಈಗ ಇಲ್ಲ.

ಪುಟ್ಟ: ಮಾಮ, ಒಂದು ಡೌಟ್. ನಮ್ಮ ಫ್ಲಾಟಿನಲ್ಲಿ ಒಂದೇ ಸಾಕೆಟ್ಟಿಗೆ ಸಣ್ಣದೂ ಹೋಗುತ್ತದೆ, ದೊಡ್ಡದೂ ಹೋಗುತ್ತದೆ. ಅದು ಸರಿ ಅಂದರೆ ಕನ್ವರ್ಟರ್ ಯಾಕೆ ತಪ್ಪು?

ನಾನು: ಒಳ್ಳೇ ಪ್ರಶ್ನೆ. ಅದು 6/16ರ ಕಂಬೈನ್ಡ್ ಸಾಕೆಟ್. ಅದರ ಹಿಂದೆ 16 ಆಂಪಿಗೆ ಬೇಕಾದ ವೈರ್ ಇರುತ್ತದೆ, ಇರಲೇಬೇಕು. ದೊಡ್ಡ ದಾರಿಯಲ್ಲಿ ಸಣ್ಣ ಕರೆಂಟ್ ಹೋದರೆ ಗೋಡೆಗೆ ಏನೂ ಆಗುವುದಿಲ್ಲ. ಚಿಕ್ಕಪ್ಪ ಮಾಡಲು ಹೊರಟಿರುವುದು ಉಲ್ಟಾ. ಬ್ರೆಜಿಲ್‌ನವರು ಇದನ್ನು ಚೆನ್ನಾಗಿ ಮಾಡಿಕೊಂಡಿದ್ದಾರೆ. ಅಲ್ಲಿ 10 ಆಂಪಿನ ಪಿನ್ 4 ಮಿಲಿಮೀಟರ್, 20ರದ್ದು 4.8. ಸಣ್ಣದು ದೊಡ್ಡದರಲ್ಲಿ ಹೋಗುತ್ತದೆ, ದೊಡ್ಡದು ಸಣ್ಣದರಲ್ಲಿ ಹೋಗುವುದಿಲ್ಲ.

ಆದರೆ ಕಂಬೈನ್ಡ್ ಸಾಕೆಟ್ಟಿನಲ್ಲೂ ಒಂದು ಕೊರತೆ ಇದೆ. ತೆಳ್ಳಗಿನ ಟೇಬಲ್ ಲ್ಯಾಂಪ್ ವೈರನ್ನು ಅದಕ್ಕೆ ಹಾಕಿದಾಗ ಅದನ್ನು ಕಾಯುತ್ತಿರುವುದು 16ರ ಎಂಸಿಬಿ. ವೈರಿನ ಮೇಲೆ ಲೋಡ್ ಸ್ವಲ್ಪ ಸ್ವಲ್ಪವೇ ಜಾಸ್ತಿ ಆದರೆ ವೈರ್ ಬೆಂದರೂ ಎಂಸಿಬಿ ಬೀಳದೆ ಇರಬಹುದು. ಬ್ರಿಟಿಷರು 1947ರಲ್ಲಿ ಚಪ್ಪಟೆ ಪಿನ್ನಿನ 13 ಆಂಪ್ ಪ್ಲಗ್ ತಂದು ಎಲ್ಲದಕ್ಕೂ ಒಂದೇ ಅಳತೆ ಮಾಡಿದರು. ಚಿಕ್ಕಪ್ಪ ಕೇಳಿದ್ದು ಅದನ್ನೇ. ಹಾಗೆ ಮಾಡಿದ್ದಕ್ಕೇ ಅವರು ಪ್ರತಿ ಪ್ಲಗ್ಗಿನೊಳಗೂ ಫ್ಯೂಸ್ ಇಡಬೇಕಾಯಿತು, ಲ್ಯಾಂಪಿಗೆ 3, ಹೀಟರಿಗೆ 13. ನಮ್ಮ ಪ್ಲಗ್ಗಿನಲ್ಲಿ ಫ್ಯೂಸ್ ಇಲ್ಲ. ನಮಗೆ ಕಾವಲು ಅಂತ ಇರುವುದು ಪಿನ್ನಿನ ಗಾತ್ರ.

ಪೆಂಡಾಲ್ ಅಳಿಯ: ನಮ್ಮ ಕೆಲಸದಲ್ಲಿ ನೀಲಿ, ಕೆಂಪು ಪ್ಲಗ್ ಬರುತ್ತವಲ್ಲ ಅಣ್ಣ, ಅವು ಒಂದಕ್ಕೊಂದು ಸೇರುವುದೇ ಇಲ್ಲ. ಮೊದಮೊದಲು ತಲೆ ಕೆಡುತ್ತಿತ್ತು.

ನಾನು: ಅವು ಐಇಸಿ 60309 ಅನ್ನುವ ಅಂತರರಾಷ್ಟ್ರೀಯ ಮಾನದಂಡದವು, ನನಗೆ ಬಹಳ ಇಷ್ಟದ ಪ್ಲಗ್ಗುಗಳು. ನೀಲಿ ಅಂದರೆ 200ರಿಂದ 250 ವೋಲ್ಟ್, ಕೆಂಪು 380ರಿಂದ 480, ಹಳದಿ 100ರಿಂದ 130. 16, 32, 63, 125 ಆಂಪ್, ಪ್ರತಿಯೊಂದಕ್ಕೂ ಬೇರೆ ಗಾತ್ರ. ಅರ್ತ್ ಪಿನ್ ಎಲ್ಲಿರಬೇಕು ಅನ್ನುವುದಕ್ಕೆ ಗಡಿಯಾರದ ಲೆಕ್ಕ ಇದೆ. ನಮ್ಮ 230 ಮತ್ತು 400 ವೋಲ್ಟಿಗೆ ಅದು 6 ಗಂಟೆಯ ಜಾಗದಲ್ಲಿ, ಹಳದಿಯದ್ದು 4 ಗಂಟೆಯ ಜಾಗದಲ್ಲಿ. ಕತ್ತಲಲ್ಲಿ, ಮಳೆಯಲ್ಲಿ, ಗಡಿಬಿಡಿಯಲ್ಲಿ ಯಾರೇ ಹಾಕಿದರೂ ತಪ್ಪು ಜಾಗಕ್ಕೆ ಹೋಗುವುದೇ ಇಲ್ಲ. ಎಷ್ಟು ಚೆಂದದ ಯೋಚನೆ ನೋಡು.

ಮೈಸೂರು ಭಾವ: ಈಗ ನೆನಪಾಯಿತು, ನನ್ನ ಎಲೆಕ್ಟ್ರಿಕ್ ಕಾರಿನ ಚಾರ್ಜರ್ 16ರ ಪ್ಲಗ್ಗೇ. ರಾತ್ರಿ ಹಾಕಿದರೆ ಬೆಳಗ್ಗೆ ಮುಟ್ಟುವುದಕ್ಕೆ ಬಿಸಿ ಇರುತ್ತದೆ. ಅದು ಸರಿಯಾ?

ನಾನು: ಮುಟ್ಟಿದರೆ ಕೈ ಹಿಂದಕ್ಕೆ ಬರುವಷ್ಟು ಬಿಸಿ ಇದ್ದರೆ ಇವತ್ತೇ ನಿಲ್ಲಿಸಿ ಭಾವ. 3.3 ಕಿಲೋವ್ಯಾಟ್ ಅಂದರೆ 14 ಆಂಪಿಗಿಂತ ಜಾಸ್ತಿ, ಅದೂ ರಾತ್ರಿಯಿಡೀ. ಗೀಸರ್ ಹತ್ತು ನಿಮಿಷಕ್ಕೆ ಆಫ್ ಆಗುತ್ತದೆ, ಕಾರು ಆಗುವುದಿಲ್ಲ. ಮೊದಲು ಸಾಕೆಟ್ ಬದಲಾಯಿಸಿ, ವೈರಿನ ಸ್ಕ್ರೂ ಬಿಗಿ ಇದೆಯಾ ನೋಡಿಸಿ, ಎಂಸಿಬಿಗಳಿರುವ ಡಿಬಿ ಪೆಟ್ಟಿಗೆಯಿಂದ 4 ಸ್ಕ್ವೇರ್ ಎಂಎಂ ವೈರ್ ಬೇರೆಯಾಗಿ ಎಳೆಸಿ. ನಮ್ಮ ದೇಶದ ಭಾರತ್ ಎಸಿ 001 ಚಾರ್ಜರ್‌ಗಳಲ್ಲಿ ಮನೆ ಸಾಕೆಟ್ ಬಿಟ್ಟು ಅಳಿಯ ಹೇಳಿದ ಆ ನೀಲಿ ಪ್ಲಗ್ಗನ್ನೇ ಇಟ್ಟಿರುವುದು ಸುಮ್ನೆ ಅಲ್ಲ.

ಚಿಕ್ಕಪ್ಪ: ಎಲ್ಲ ಸರಿ. ಅಮ್ಮನ ಮನೆ ಮಣ್ಣಿನ ಗೋಡೆ. ಗೋಡೆ ಕೊರೆದು ವೈರ್ ಹಾಕುವುದಕ್ಕೆ ಅವಳು ಒಪ್ಪುವುದಿಲ್ಲ. ಆ ಊರಿಗೆ ಎಲೆಕ್ಟ್ರಿಷಿಯನ್ ಬರುವುದೂ ಇಲ್ಲ. ಇದನ್ನೆಲ್ಲ ಯೋಚಿಸದೆ ನಾನು ಲಿಂಕ್ ಹಾಕಿದ್ದಾ?

ನಾನು: ನಿಮ್ಮ ಕಷ್ಟ ಸುಳ್ಳಲ್ಲ ಚಿಕ್ಕಪ್ಪ. ಗೋಡೆ ಕೊರೆಯುವುದು ಬೇಡ. ಕೇಸಿಂಗ್ ಪಟ್ಟಿ ಹೊಡೆದು ಮೇಲಿಂದಲೇ ತರಬಹುದು. ಮೀಟರ್ ಬೋರ್ಡಿನಿಂದ ಬಚ್ಚಲಿಗೆ ದೂರ ಕಡಿಮೆ ಇದ್ದರೆ 2.5ರ ತಾಮ್ರದ ವೈರ್ ಸಾಕು, ಜಾಸ್ತಿ ಇದ್ದರೆ 4. ಒಂದು 16ರ ಎಂಸಿಬಿ, 30 ಮಿಲಿಆಂಪಿನ ಆರ್‌ಸಿಸಿಬಿ, ಐಎಸ್‌ಐ ಗುರುತಿರುವ 16ರ ಸಾಕೆಟ್, ಸಾಕೆಟ್ ಬಚ್ಚಲಿನ ಹೊರಗೆ. ಬರುವ ಭಾನುವಾರ ನಾನೇ ಸಾಮಾನು ತೆಗೆದುಕೊಂಡು ಬರುತ್ತೇನೆ. ಅಲ್ಲಿಯವರೆಗೆ ಗೀಸರ್ ಹಾಗೇ ಇರಲಿ.

ದೊಡ್ಡತ್ತೆ: ಅರ್ತಿಂಗ್ ಇಲ್ಲ ಆ ಮನೆಗೆ. ಗುಂಡಿ ತೆಗೆದದ್ದು ನಾನಂತೂ ನೋಡಿಲ್ಲ.

ನಾನು: ಹಾಗಾದರೆ ಅದೇ ಮೊದಲ ಕೆಲಸ. ಮೂರನೇ ಪಿನ್ ಉದ್ದ ಇರುವುದೇ ಅದು ಮೊದಲು ತಾಗಿ ಕೊನೆಗೆ ಬಿಡಲಿ ಅಂತ. ಅದರ ಹಿಂದೆ ಅರ್ತೇ ಇಲ್ಲದಿದ್ದರೆ ನೀರಿನ ಜಾಗದಲ್ಲಿ ಗೀಸರ್ ಇಡಲೇಬಾರದು. ಚಿಕ್ಕಪ್ಪ, ಕರೆಂಟ್ ಬಿಲ್ಲಿನ ಫೋಟೊ ಹಾಕಿ, ಮಂಜೂರಾದ ಲೋಡ್ ಎಷ್ಟಿದೆ ನೋಡಬೇಕು.

ಚಿಕ್ಕಪ್ಪ: 1 ಕಿಲೋವ್ಯಾಟ್ ಅಂತ ಇದೆ.

ನಾನು: ಹಾಗಿದ್ದರೆ ಲೋಡ್ ಹೆಚ್ಚಿಸಲು ಅರ್ಜಿ ಕೊಡಬೇಕು. ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ. ತೆಗೆದುಕೊಂಡರೆ 2000 ವ್ಯಾಟಿನ ಸ್ಟೋರೇಜ್ ಗೀಸರ್ ತರೋಣ, 8.7 ಆಂಪ್ ಆಗುತ್ತದೆ. ಅದಕ್ಕೂ 16ರ ಸಾಕೆಟ್ಟೇ ಬೇಕು.

ಚಿಕ್ಕಪ್ಪ: ಬಿಲ್ ಇದೆ, ನಾಳೆ ಕೇಳುತ್ತೇನೆ. ಮೀಟರ್ ಬೋರ್ಡಿನಿಂದ ಬಚ್ಚಲಿಗೆ ಟೇಪ್ ಹಿಡಿದು ಅಳತೆಯನ್ನೂ ಕಳಿಸುತ್ತೇನೆ. ಸಾಮಾನಿನ ದುಡ್ಡು ನನ್ನದು, ಅದರಲ್ಲಿ ವಾದ ಬೇಡ.