ಸಹಾಯ ಬೇಕು: ನಿಮ್ಮ ತೋಟದಲ್ಲಿ ‘ಬೀಜ’ ಅಂದರೆ ಯಾವುದು?

ನಮಸ್ಕಾರ. ಕೊಡಗಿನ ಕಾಫಿ ನರ್ಸರಿ ಕೆಲಸಗಾರರಿಗಾಗಿ ಒಂದು ಪುಟದ ಸೂಚನೆ ಸಿದ್ಧವಾಗುತ್ತಿದೆ. ತೊಡಕಿರುವುದು ಒಂದೇ ಪದದಲ್ಲಿ. ಹುರಿಯುವುದೂ ‘ಕಾಫಿ ಬೀಜ’, ಪಾತಿಗೆ ಹಾಕುವುದೂ ‘ಕಾಫಿ ಬೀಜ’. ಆದರೆ ಕಣದಲ್ಲಿ ಗರಿಗರಿಯಾಗಿ ಒಣಗಿದ ಬೀಜ ಬಿತ್ತನೆಗೆ ನಂಬುವಂಥದ್ದಲ್ಲ, ಪಾತಿಯಲ್ಲಿ ಮೊಳೆಯದೆ ಕೊಳೆಯಬಹುದು.

ಬಿತ್ತನೆಗೆ ಬೇಕಾದದ್ದು ಬೇರೆಯೇ. ಪೂರ್ತಿ ಮಾಗಿದ ಹಣ್ಣನ್ನು ನೀರಿಗೆ ಹಾಕಿ ತೇಲಿದ ಜೊಳ್ಳು ತೆಗೆಯಬೇಕು. ಕೈಯಲ್ಲೇ ಸಿಪ್ಪೆ ಬಿಡಿಸಿ, ಜರಡಿ ಹಿಡಿದ ಸೌದೆ ಬೂದಿಯಲ್ಲಿ ಉಜ್ಜಿ, ನೆರಳಲ್ಲಿ ತೆಳ್ಳಗೆ ಹರಡಿ, ಆಗಾಗ ಕೈಯಾಡಿಸುತ್ತ ಒಣಗಿಸಬೇಕು. ಪಾರ್ಚ್‌ಮೆಂಟ್ ಹೊದಿಕೆ (ಬೀಜಕ್ಕೆ ಅಂಟಿಕೊಂಡ ಕಾಗದದಂಥ ಒಳಸಿಪ್ಪೆ) ಹಾಗೇ ಇರಲಿ. ದುಂಡನೆಯ ಪೀಬೆರಿ (ಹಣ್ಣಿನಲ್ಲಿ ಎರಡರ ಬದಲು ಒಂದೇ ಬೆಳೆದ ಬೀಜ), ಒಡೆದದ್ದು, ಹುಳು ತಿಂದದ್ದು ಬೇಡ. ಚಪ್ಪಟೆ ಮುಖ ಕೆಳಗಿಟ್ಟು, ಸುಮಾರು 2 ಸೆಂ.ಮೀ. ಅಂತರದಲ್ಲಿ ಬಿತ್ತಿ, ತೆಳುವಾಗಿ ಮಣ್ಣು, ಅದರ ಮೇಲೆ ಭತ್ತದ ಹುಲ್ಲು. ಮೊಳಕೆಗೆ ಸುಮಾರು 45 ದಿನ. ಹಳೆಯ ಬೀಜ ಇಟ್ಟುಕೊಂಡು ಕಾಯಬೇಡಿ, ತಿಂಗಳು ಕಳೆದಂತೆ ಮೊಳೆಯುವ ಶಕ್ತಿ ಬೇಗ ಇಳಿಯುತ್ತದೆ.

ಈಗ ಬೇಕಿರುವುದು ಪದಗಳು. ‘ಬಿತ್ತನೆ ಬೀಜ’ಕ್ಕೂ ‘ಮಾರುವ ಬೀಜ’ಕ್ಕೂ ನಿಮ್ಮಲ್ಲಿ ಬೇರೆ ಬೇರೆ ಹೆಸರಿದೆಯೇ? ಎಲೆ ಬಿಚ್ಚುವ ಮುನ್ನ ಬೀಜವನ್ನು ಟೋಪಿಯಂತೆ ಹೊತ್ತು ನಿಲ್ಲುವ ಸಸಿಗೆ ಕೆಲಸಗಾರರು ಏನನ್ನುತ್ತಾರೆ? ಮಾವಿನ ಗೊರಟೆ, ಹಲಸಿನ ಬೀಜ, ಏಲಕ್ಕಿಯೊಳಗಿನ ಕರಿ ಕಾಳು, ಇವೆಲ್ಲಕ್ಕೂ ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆಗಳಲ್ಲಿ ಏನೆಂದು ಗೊತ್ತಿರುವವರು, ಊರಿನ ಹೆಸರು ಸೇರಿಸಿ ದಯವಿಟ್ಟು ಬರೆಯಿರಿ. ಉಚ್ಚಾರಣೆ ಇದ್ದ ಹಾಗೇ ಬರೆದರೆ ಇನ್ನೂ ಒಳ್ಳೆಯದು.